ಕಾಲ್ಚೀಲದೊಳಗಿನ ಕತ್ತರಿ

ಅರವತ್ತೊಂದು ವರ್ಷದ ದೆಲ್ಫಿನಾ ಹುಟ್ಟಿದಾಗಿನಿಂದ ದ್ರಾಕ್ಷಿ ಸಾಲುಗಳ ನಡುವೆಯೇ ನಡೆದವಳು. ಆದರೆ ಕೆಲಸವಿಲ್ಲದೆ ಸುಮ್ಮನೆ ನಡೆದದ್ದೇ ಇಲ್ಲ. ಕೋಲು ಊರಿಕೊಂಡು ತನ್ನ ಅಂಗಳದ ಮುಂದೆ ಹಾದುಹೋಗುವ ಜರ್ಮನ್ ಚಾರಣಿಗರಿಗೆ ಇಪ್ಪತ್ತು ವರ್ಷ ನೀರು ಕೊಟ್ಟು ಕಳಿಸಿದ್ದಳು. ಈಗ ಅವಳ ಸರದಿ. ಗಂಡ ರೆಮಿಜೋನೊಡನೆ ಆರು ದಿನ ಗುಡ್ಡ ಹತ್ತಿ ಇಳಿದು ಕಡಲು ಮುಟ್ಟುವುದು! ಹೊಸ ಬೂಟು ಹಾಕಿಕೊಂಡು ಬೆಳಗಿನ ಐದಕ್ಕೇ ಅಡುಗೆಮನೆಯಲ್ಲಿ ಠಕಠಕ ಓಡಾಡಿದಳು. ಹೊರಡುವಾಗ ಮಹಡಿಯ ಕಂಬಿಗೆ ಕೆಂಪು ಮೇಜುಬಟ್ಟೆ ಕಟ್ಟಿದಳು.

ಒಂದೇ ಭಯ, ಇವನು ಮೊದಲ ದಿನವೇ ವಾಪಸು ತಿರುಗಿಬಿಟ್ಟರೆ? ಜೂನ್ ತಿಂಗಳಲ್ಲಿ ದ್ರಾಕ್ಷಿ ಚಿಗುರು ಮಲಗಿ ಏಳುವಷ್ಟರಲ್ಲಿ ಬೆರಳುದ್ದ ಬೆಳೆಯುತ್ತದೆ. ತಂತಿಗಳ ನಡುವೆ ಸಿಕ್ಕಿಸದಿದ್ದರೆ ಗಾಳಿಗೆ ಮುರಿಯುತ್ತದೆ. "ಚಳಿಗಾಲಕ್ಕೆ ಹೋಗೋಣ" ಎಂದು ಅವನು ಮೂರು ವರ್ಷ ತಳ್ಳಿದ್ದ.

"ಚಳಿಗಾಲದಲ್ಲಿ ಕಡಲಿಗೆ ಇಳಿಯೋಕೆ ನಾನೇನು ಮೀನಾ? ಬಂದ್ರೆ ಬಾ, ಇಲ್ಲಾಂದ್ರೆ ನಾನೊಬ್ಳೇ ಹೊರಟೆ" ಎಂದಿದ್ದಳು. ಬಳ್ಳಿ ಸವರುವ ಸ್ಪ್ರಿಂಗ್ ಕತ್ತರಿ ಮನೆಯಲ್ಲೇ ಬಿಡುತ್ತೇನೆಂದು ಆಣೆಯನ್ನೂ ಮಾಡಿಸಿದ್ದಳು.

ಹಳ್ಳ ದಾಟಿ ಎದುರು ಗುಡ್ಡ ಹತ್ತತೊಡಗಿದರು. ದೆಲ್ಫಿನಾಳ ಕಾಲಿಗೆ ರೆಕ್ಕೆ ಬಂದಿತ್ತು. ತಿರುಗಿ ನೋಡಿದರೆ ಗಂಡನಿಲ್ಲ. ಯಾರದೋ ಸಾಲಿನಲ್ಲಿ ಬಗ್ಗಿ ಚಿಗುರು ಸಿಕ್ಕಿಸುತ್ತಿದ್ದಾನೆ.

"ಯಾರ ತೋಟ ಅದು?"

"ಯಾರದೋ. ಹಿಂಗೆ ಬಿಟ್ಟಿದಾನಲ್ಲ ಪುಣ್ಯಾತ್ಮ, ನೋಡೋಕಾಗ್ತಿಲ್ಲ."

"ಕಣ್ಣು ಮುಚ್ಕೊಂಡು ನಡಿ ಮಾರಾಯ!"

ಇನ್ನೊಂದು ತಿರುವಿನಲ್ಲಿ 'ಕಟಕ್' ಎಂದಿತು.

"ಏನದು ಸದ್ದು?"

"ಮೊಣಕಾಲು."

"ನಿನ್ನ ಮೊಣಕಾಲಿಗೆ ಸ್ಪ್ರಿಂಗ್ ಯಾವಾಗ ಹಾಕಿಸ್ದೆ?"

ಅವನು ಏನೋ ಒಂದನ್ನು ಕಾಲ್ಚೀಲದೊಳಗೆ ತುರುಕಿಕೊಂಡು, ಸಾಧುವಿನ ಮುಖ ಮಾಡಿ ಹಿಂದೆ ಬಂದ. ಅಕ್ರೋಟ್ ಮರದ ನೆರಳಲ್ಲಿ ಬ್ರೆಡ್ಡು, ಚೀಸ್ ತಿಂದದ್ದಾಯಿತು. ಮಧ್ಯಾಹ್ನಕ್ಕೆ ಮುಟ್ಟಬೇಕಿದ್ದ ಮಾನ್‌ಫೋರ್ತೆ ಎಂಬ ಊರನ್ನು ಸಂಜೆ ಐದಕ್ಕೆ ಮುಟ್ಟಿದರು.

ಊರ ಮೇಲಿನ ಕಲ್ಲುಗೋಡೆಯ ಬಳಿ ನಿಂತು ದೆಲ್ಫಿನಾ ಕಣಿವೆಯಾಚೆ ಹುಡುಕಿದಳು. ಇಳಿಬಿಸಿಲಲ್ಲಿ ಒಂದು ಕೆಂಪು ಚುಕ್ಕೆ.

"ಅಗೋ, ನಮ್ಮನೆ!" ಚಪ್ಪಾಳೆ ತಟ್ಟಿದಳು. "ಅಯ್ಯೋ, ಬೆಂಕಿಪೊಟ್ಟಣದಷ್ಟಿದೆ ನೋಡು! ಅದರೊಳಗೆ ನಲವತ್ತು ವರ್ಷ ಹೆಂಗಿದ್ವಿ ಇಬ್ರೂ?"

ರೆಮಿಜೋ ನೋಡಿದ್ದು ಮನೆಯ ಕೆಳಗೆ. ಅವನ ತೋಟದ ಅಂಚಿನಲ್ಲಿ ನೆರೆಯ ಚೆಲೆಸ್ತೀನೊನ ನೀಲಿ ಟ್ರ್ಯಾಕ್ಟರ್. ಸಾಲಿನಲ್ಲಿ ಸಾಸಿವೆಯಷ್ಟು ಅವನ ಬಿಳಿ ಟೋಪಿ, ಬಳ್ಳಿ ಬಳ್ಳಿಗೂ ನಿಂತು ಮುಂದೆ ಹೋಗುತ್ತಿದೆ.

"ನನ್ನ ಸಾಲಲ್ಲಿ ಅವನಿಗೇನು ಕೆಲಸ? ಎಡಚ ಅವನು, ಎಲ್ಲಾ ಉಲ್ಟಾ ಸಿಕ್ಕಿಸ್ತಾನೆ! ವಾಪಸು ಬಸ್ಸು ಎಷ್ಟೊತ್ತಿಗೆ?"

ದೆಲ್ಫಿನಾ ಗಂಡನ ಕಡೆ ತಿರುಗಿದಳು. ಕಡಲು ಇಲ್ಲಿಗೇ ಮುಗಿಯಿತೆ?

"ನಾನಂತೂ ಅವನಿಗೆ ಹೇಳಿರ್ಲಿಲ್ಲ" ಎಂದಳು ಮೆಲ್ಲಗೆ. "ನೋಡೋಕಾಗ್ಲಿಲ್ವೇನೋ, ಪಾಪ."

ರೆಮಿಜೋ ಆ ಟೋಪಿ ಸಾಲಿನ ಕೊನೆ ಮುಟ್ಟಿ, ಪಕ್ಕದ ಸಾಲಿಗೆ ತಿರುಗುವವರೆಗೂ ನೋಡುತ್ತ ನಿಂತ. ಆಮೇಲೆ ಬಗ್ಗಿ, ಕಾಲ್ಚೀಲದಿಂದ ಕತ್ತರಿ ತೆಗೆದು ಅವಳ ಕೈಗಿಟ್ಟ. ಇನ್ನೂ ಬಿಸಿಯಾಗಿತ್ತು.

"ನಾಳೆ ಹತ್ತೋ ಗುಡ್ಡದಲ್ಲಿ ದ್ರಾಕ್ಷಿ ಇದ್ಯಾ?"

"ಜಾಸ್ತಿ ಇಲ್ಲ. ಬರೀ ಹೇಜಲ್‌ನಟ್ ತೋಪು, ಕಾಡು."

"ಹಂಗಾದ್ರೆ ಬೆಳಗ್ಗೆ ಬೇಗ ಹೊರಡೋಣ" ಎಂದ ರೆಮಿಜೋ, ಅವಳ ಚೀಲವನ್ನೂ ತನ್ನ ಹೆಗಲಿಗೇರಿಸುತ್ತ.