ಅಕ್ಕನ ಕಿವಿ ಪರೀಕ್ಷೆ

ಐವತ್ತೊಂದನೆಯ ವಯಸ್ಸಿನಲ್ಲಿ ಎಂ.ಎ. ಮುಗಿಸಿದ ಗುಮಾಸ್ತನಿಗೆ ಇದ್ದದ್ದು ಒಂದೇ ಆಸೆ. ಇನ್ನಾದರೂ ಅಕ್ಕ ತನ್ನನ್ನು ದೊಡ್ಡವನೆಂದು ಎಣಿಸಬೇಕು. ಬಸ್ ಡಿಪೋದಲ್ಲಿ ಇಪ್ಪತ್ತಾರು ವರ್ಷ ಹಾಜರಿ ಪುಸ್ತಕ ನೋಡಿಕೊಂಡವನು, ಅಂಚೆ ಮೂಲಕ ಇತಿಹಾಸ ಓದಿ, ಎರಡು ಸಲ ಡುಮ್ಕಿ ಹೊಡೆದು, ಮೂರನೆಯ ಸಲಕ್ಕೆ ಪಾಸಾಗಿದ್ದ. ತಾಯಿ ತೀರಿಕೊಂಡಾಗಿನಿಂದ ಅವನನ್ನು ಸಾಕಿದವಳು ಈ ಅಕ್ಕನೇ. ಅವನಿಗಿಂತ ಹದಿನೆಂಟು ವರ್ಷ ದೊಡ್ಡವಳು. ಇಬ್ಬರಿಗೂ ಮದುವೆಯಾಗಿರಲಿಲ್ಲ.

ಪದವಿ ಪತ್ರವನ್ನು ಅಕ್ಕ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಮೂಲೆ ಮಡಚಿದೆಯಲ್ಲೋ. ನೆಟ್ಟಗೆ ಇಟ್ಕೊಂಡು ಬರೋಕೆ ಆಗ್ಲಿಲ್ವಾ?"

"ಅಕ್ಕ, ನಾನೀಗ ಎಂ.ಎ."

"ಮೊದಲು ಕೈ ತೊಳ್ಕೊ ಹೋಗು."

ಅವನಿಗೆ ಮೈಯೆಲ್ಲ ಉರಿಯಿತು. ಅಕ್ಕನಿಗೆ ಒಂದು ವರ್ಷದಿಂದ ಕಿವಿ ಮಂದವಾಗಿತ್ತು. ಬಾಗಿಲು ಬಡಿದರೆ ಕೇಳದು, ಫೋನ್ ಹೊಡೆದುಕೊಂಡರೆ ಕೇಳದು. ಡಾಕ್ಟರ ಹತ್ತಿರ ಹೋಗೋಣವೆಂದರೆ, "ನೀನು ಬಾಯೊಳಗೇ ಮಾತಾಡ್ತೀಯ, ನನ್ನ ಕಿವಿಗೇನಾಗಿದೆ" ಎನ್ನುತ್ತಿದ್ದಳು. ಆ ದಿನ ಅವನು ಜಗ್ಗಲಿಲ್ಲ.

"ನಾಳೆ ಕಿವಿ ತೋರಿಸೋಕೆ ಹೊರಡೋಣ. ನಾನು ಹೇಳ್ತಿದ್ದೀನಿ."

"ಹರಡೋಣವಾ? ಏನನ್ನ ಹರಡೋದು?"

ಮೂರು ಸಲ ಕೂಗಿ ಹೇಳಬೇಕಾಯಿತು. ಅಷ್ಟು ಕೂಗಿದ ಮೇಲೆ ದೊಡ್ಡಸ್ತಿಕೆ ಏನೂ ಉಳಿಯಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಕಿವಿ ತಜ್ಞೆ ಅಕ್ಕನನ್ನು ಗಾಜಿನ ಗೂಡಿನೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟಳು. ಶಬ್ದ ಕೇಳಿದಾಗಲೆಲ್ಲ ಒತ್ತಬೇಕು. ಅಕ್ಕ ಟಕಟಕನೆ ಒತ್ತತೊಡಗಿದಳು.

"ಇವರು ನನ್ನ ಕೈ ನೋಡ್ಕೊಂಡು ಒತ್ತುತ್ತಿದ್ದಾರೆ," ಎಂದಳು ತಜ್ಞೆ. "ನಾನಿನ್ನೂ ಶಬ್ದ ಹಾಕೇ ಇಲ್ಲ."

ಅವನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಏಳನೇ ಕ್ಲಾಸಿನಲ್ಲಿ ಪಕ್ಕದವನ ಉತ್ತರ ನೋಡಿ ಬರೆದನೆಂದು ಒಂದು ವಾರ ಮಾತು ಬಿಟ್ಟವಳು ಇವಳೇ. ಗೂಡಿನ ಬಾಗಿಲು ತೆಗೆದು, ಒಂದು ಕಿವಿಯ ಹೆಡ್‌ಫೋನ್ ಸರಿಸಿ, "ಅಕ್ಕ, ಕಾಪಿ ಹೊಡೀಬೇಡ. ಗೋಡೆ ಕಡೆ ತಿರುಗಿ ಕೂತ್ಕೊ," ಎಂದು ಕಿವಿಯ ಹತ್ತಿರ ಜೋರಾಗಿ ಹೇಳಿದ.

"ಫೇಲಾದ್ರೆ?" ಅಕ್ಕ ಗುಂಡಿಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ನಾನೂ ಆಗಿದ್ದೀನಲ್ಲ, ಎರಡು ಸಲ. ತಿರುಗು."

ಅವಳು ತಿರುಗಿ ಕೂತಳು. ಆಮೇಲೆ ಬಹಳ ಹೊತ್ತು ಒತ್ತಲೇ ಇಲ್ಲ. ಅವನು ಹೊರಗೆ ನಿಂತು, ಒತ್ತು, ಒಂದು ಸಲವಾದರೂ ಒತ್ತು ಎಂದು ಮನಸ್ಸಿನಲ್ಲೇ ಗೋಗರೆದ. ದೊಡ್ಡವನಾಗಬೇಕೆಂದು ಹಂಬಲಿಸಿದ್ದು ಇದಕ್ಕೇನಾ ಎಂದು ರೇಗಿತು. ಯಾರ ಮೇಲೆ ರೇಗಬೇಕೆಂದು ತಿಳಿಯಲಿಲ್ಲ.

ಎರಡು ವಾರ ಕಳೆದು ಕಿವಿಯ ಯಂತ್ರ ಬಂತು. ಅದನ್ನು ಹಾಕಿಕೊಂಡು ಬೀದಿಗಿಳಿದ ಅಕ್ಕ ಸ್ಕೂಟರ್ ಸದ್ದಿಗೆ ಬೆಚ್ಚಿ ಅವನ ತೋಳು ಹಿಡಿದಳು. ನಾಲ್ಕು ಹೆಜ್ಜೆ ನಡೆದು ನಿಂತಳು.

"ಚಪ್ಪಲಿ ಎಳ್ಕೊಂಡು ನಡೀತೀಯಲ್ಲೋ. ಕಾಲು ಎತ್ತಿ ಹಾಕು."

ಅವನು ಹಲ್ಲು ಕಚ್ಚಿಕೊಂಡು ಕಾಲು ಎತ್ತಿ ಹಾಕಿದ. ತೋಳನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ. ಮುಂದೆ ರಸ್ತೆ ದಾಟುವುದಿತ್ತು.