ಮಗಳ ಬೆಳವಣಿಗೆ ತಿಂದ ತಾಯಿ

ಮೂವತ್ತೈದು ದಾಟಿದ ಹೆಂಗಸರು ದಪ್ಪ ಆಗುವುದುಂಟು, ಬಡಕಲಾಗುವುದೂ ಉಂಟು. ಬೆಟ್ಟದಪುರದ ಪುಟ್ಟಮಲ್ಲಮ್ಮ ಮಾತ್ರ ಆ ವಯಸ್ಸಿನಲ್ಲಿ ಬೆಳೆಯತೊಡಗಿದಳು. ಮೊದಲು ಕಾಲುಂಗುರವನ್ನು ಕತ್ತರಿಸಿ ತೆಗೆಸಬೇಕಾಯಿತು. ಆಮೇಲೆ ಬಳೆಗಾರನ ಮಲಾರದಲ್ಲಿ ಅವಳ ಕೈ ತೂರುವಂಥ ಬಳೆಯೇ ಇಲ್ಲವಾಯಿತು. ದವಡೆ ಮುಂದೆ ಬಂತು, ದನಿ ಗಂಡಸಿನ ದನಿಯಾಯಿತು. ಶಕ್ತಿ ಬಂತೇ ಅಂದರೆ ಅದೊಂದಿಲ್ಲ. ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಮುಂದೆ ಕೂತು ಕಡ್ಡಿಗೆ ಎಲೆ ಕಟ್ಟುವಷ್ಟರಲ್ಲಿ ಕೀಲುಕೀಲೂ ನೋಯುತ್ತಿತ್ತು. ನೋಡುವವರಿಗೆ ಕಾಣುವುದು ಅಂಗೈಯ ಅಗಲ ತಾನೇ? "ಇಂಥ ಕೈ ಇಟ್ಕಂಡು ಸುಸ್ತು ಅಂತೀಯಲ್ಲ" ಎಂದು ಎರಡಾಳಿನ ಕೆಲಸ ಹೇರುತ್ತಿದ್ದರು.

ಸುಸ್ತನ್ನು ಅವಳು ಹೇಗೋ ನುಂಗಿಕೊಂಡಾಳು. ನುಂಗಲಾಗದ್ದು ಬೇರೆ ಇತ್ತು. ಮಗಳು ಪ್ರೇಮಳಿಗೆ ಹನ್ನೊಂದು ವರ್ಷ, ನೋಡಿದರೆ ಆರರ ಕೂಸು. ಅತ್ತೆ ಶಿವರುದ್ರಮ್ಮ ಎರಡನ್ನೂ ತಾಳೆ ಹಾಕಿ ತೀರ್ಪು ಕೊಟ್ಟುಬಿಟ್ಟಿದ್ದಳು. "ಅವ್ವ ಬೆಳೀತಾವ್ಳೆ, ಕೂಸು ಬೆಳೀತಿಲ್ಲ. ಕೂಸಿನ ಏಳ್ಗೆನೆಲ್ಲ ಇವ್ಳೇ ತಿಂತಾವ್ಳೆ ಕಣ್ರವ್ವ!" ಊರ ಬಾಯಿಗೆ ಮುಚ್ಚಳ ಹಾಕುವವರು ಯಾರು?

ಮೊದಮೊದಲು ಪುಟ್ಟಮಲ್ಲಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಕೇಳಿ ಕೇಳಿ ಆ ಮಾತು ಅವಳೊಳಗೇ ಮನೆ ಮಾಡಿತು. ತನ್ನ ಮುದ್ದೆಯಲ್ಲಿ ಅರ್ಧ ಮುರಿದು ಮಗಳ ತಟ್ಟೆಗೆ ಹಾಕಿದಳು. ಸೋಮವಾರದ ಒಪ್ಪೊತ್ತು ವಾರವೆಲ್ಲ ಒಪ್ಪೊತ್ತಾಯಿತು. ಹೊಟ್ಟೆ ಬೆನ್ನಿಗೆ ಹತ್ತಿತು, ಆದರೆ ಕೈಕಾಲು ಕುಗ್ಗಲಿಲ್ಲ. ಮಗಳೂ ಒಂದು ಬೆರಳು ಮೇಲೇರಲಿಲ್ಲ. ಹಾಗಾದರೆ ನಿಜವೇ ಇರಬೇಕು ಎಂದು ಹೆತ್ತ ತಾಯಿ ನಂಬಿಬಿಟ್ಟಳಲ್ಲ, ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕಣ್ಣು ಮಂಜಾಗಿ ಅವಳು ಒಲೆಯ ಮುಂದೆ ಮುಗ್ಗರಿಸಿದ ಮೇಲೆ ಗಂಡ ಕಂಠಪ್ಪ ತಾಯಿ ಮಗಳಿಬ್ಬರನ್ನೂ ಮೈಸೂರಿಗೆ ಕರೆದೊಯ್ದ. ಅದು ಎಪ್ಪತ್ತರ ದಶಕದ ಕೊನೆ. ವಯಸ್ಸಾದ ಡಾಕ್ಟರು ಎಕ್ಸ್‌ರೇ, ರಕ್ತ ಎಲ್ಲ ನೋಡಿ, ಸಮಾಧಾನವಾಗಿ ಹೇಳಿದರು.

"ತಲೆಯೊಳಗೆ ಕಡಲೆಕಾಳಿನಷ್ಟು ಒಂದು ಗ್ರಂಥಿ ಇದೆಯಮ್ಮ. ಅದರ ರಸ ಈಲಿಗೆ, ಅಂದರೆ ಲಿವರಿಗೆ ಹೋದರೆ, ಈಲಿ ಒಂದು ಪ್ರೋಟೀನನ್ನು ರಕ್ತಕ್ಕೆ ಬಿಡುತ್ತೆ. ಮಕ್ಕಳ ಎಲುಬು ಉದ್ದ ಆಗೋದು ಅದರಿಂದ. ದೊಡ್ಡವರಲ್ಲಿ ಅದೇ ಅತಿಯಾದರೆ ಕೈಕಾಲು, ಮುಖ ಹೀಗೆ ಕೆಡುತ್ತೆ. ನಿಮ್ಮ ಗ್ರಂಥಿಯಲ್ಲಿ ಗಂಟು ಬೆಳೆದು ಕಣ್ಣಿನ ನರ ಒತ್ತುತ್ತಿದೆ, ಆಪರೇಷನ್ ಆಗಬೇಕು. ಮಗೂಗೆ ಆ ರಸ ಸಾಲದು."

"ನಾನು ಇವಳ್ದ ತಿಂದಿಲ್ವ, ಸ್ವಾಮಿ?"

"ಒಬ್ಬರದನ್ನ ಇನ್ನೊಬ್ಬರು ತಿನ್ನೋಕಾಗಲ್ಲಮ್ಮ."

ಪುಟ್ಟಮಲ್ಲಮ್ಮ ಆ ಗಡಸು ದನಿಯಲ್ಲೇ ಗೊಳೋ ಎಂದು ಅತ್ತಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, "ಅಂಗಾರೆ ನಂದು ತಗ್ದು ಇವಳ್ಗೆ ಕೊಡಿ" ಎಂದಳು.

ಡಾಕ್ಟರು ಕನ್ನಡಕ ತೆಗೆದಿಟ್ಟರು. "ಬದುಕಿರೋರಿಂದ ಆಗಲ್ಲ. ಹೊರದೇಶದಲ್ಲಿ ಸತ್ತವರ ಗ್ರಂಥಿಯಿಂದ ಆ ರಸ ತೆಗೆದು ಮಕ್ಕಳಿಗೆ ಚುಚ್ಚುತ್ತಾರೆ. ಒಂದು ಮಗೂಗೆ ಎಷ್ಟೋ ಜನರದ್ದು ಬೇಕು, ಅದೂ ಎಲುಬು ಎಳೆಯದಿರುವಾಗಲೇ. ನಮ್ಮ ಕಡೆ ಅದೆಲ್ಲ ಇಲ್ಲಮ್ಮ."

ವಾಪಸು ಬರುವಾಗ ಹುಣಸೂರಿನಲ್ಲಿ ಬಸ್ಸು ನಿಂತಿತು. ಕಂಠಪ್ಪ ಇಡ್ಲಿ ಕಟ್ಟಿಸಿಕೊಂಡು ಬಂದ. ಪ್ರೇಮ ತಿಂದು ತಾಯಿಯ ತೊಡೆಯ ಮೇಲೆ ನಿದ್ದೆಹೋದಳು. ಪುಟ್ಟಮಲ್ಲಮ್ಮನೂ ತಿಂದು, ಕೈ ತೊಳೆದು, ಸಂತೆಯ ಮಾತಾಡುವಷ್ಟು ಸಲೀಸಾಗಿ ಹೇಳಿದಳು.

"ಏನ್ರೀ, ಆಪರೇಸನ್ ಬ್ಯಾಡ."

"ಯಾಕೆ?"

"ಮಾಡಿಸ್ದೆ ಇದ್ರೆ ಬೇಗ ಓಯ್ತೀನಿ. ಇವಳ ಎಲುಬು ಇನ್ನೂ ಎಳೇದಿರ್ತದೆ. ಮಣ್ಣಿಗಿಡೋಕೆ ಮುಂಚೆ ಆ ಡಾಕ್ಟ್ರ ತಾವ್ಕೆ ಒಯ್ರಿ. ಬ್ಯಾರೆಯೋರಾದ್ರೆ ಎಷ್ಟೋ ಜನ ಬೇಕು. ನಂದು ಎಚ್ಚಾಗೈತಲ್ಲ, ಒಬ್ಬಳ್ದೇ ಸಾಕಾಯ್ತದೆ."

ಹತ್ತು ಜನರೆದುರು ಹೆಂಡತಿಯನ್ನು ಮುಟ್ಟಿದವನಲ್ಲ ಕಂಠಪ್ಪ. ಈಗ ಅವಳ ಕೈಗೆ ಕೈ ಹಾಕಿದ. ಒಂದು ಕೈಗೆ ಅದು ಸಿಗಲಿಲ್ಲ, ಎರಡೂ ಕೈ ಹಾಕಿ ಹಿಡಿದುಕೊಂಡ.

"ಕೂಸು ಗಿಡ್ಡಕೇ ಇರ್ಲಿ ಬುಡು. ಅದ್ಕೆ ಅವ್ವ ಇರ್ಲಿ."