ರಸ್ತೆ ದಾಟಿದರೆ ನಮ್ಮ ಮನೆ

"ಆ ರಸ್ತೆ ನನ್ನ ಗದ್ದೆ ಕಣೇ! ನನ್ನ ಗದ್ದೆ ಮೇಲೆ ನಿಂತು ನನಗೇ ಬುದ್ಧಿ ಹೇಳೋಕೆ ಬಂದ್ಯಾ?"

ದಾಲ್ಸು ದೊಡ್ಡಪ್ಪ ಗುದ್ದಿದ ರಭಸಕ್ಕೆ ಕುಳ್ಳು ಮೇಜಿನ ಮೇಲಿದ್ದ ಮೂಲಂಗಿ ಕಿಮ್ಚಿ ಉಪ್ಪಿನಕಾಯಿಯ ಬಟ್ಟಲು ಮಗುಚಿಕೊಂಡಿತು. ಕೆಂಪು ನೀರು ನನ್ನ ಬಿಳಿ ಕಾಲುಚೀಲಕ್ಕೆ ಹರಿಯಿತು.

"ನಿಮ್ಮ ಗದ್ದೆ ಆದ್ರೆ ಹೋಗಿ ಭತ್ತ ನಾಟಿ ಮಾಡಿ! ಲಾರಿ ಯಾಕೆ ಬೆಳೀತೀರಿ?" ನಾನೂ ಕೂಗಿದೆ.

"ಬಾಯಿ ನೋಡು ಇವಳದು! ನಿಮ್ಮಪ್ಪ ಇದ್ದಿದ್ರೆ..."

"ನಮ್ಮಪ್ಪ ಇದ್ದಿದ್ರೆ ನನಗಿಂತ ಜೋರಾಗಿ ಕೂಗ್ತಿದ್ದ."

ಸಮುದಾಯ ಭವನದಲ್ಲಿ ಸೇರಿದ್ದ ಮುದುಕಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ನಮ್ಮಪ್ಪನ ಗಂಟಲು ಅವರಿಗೆಲ್ಲ ಗೊತ್ತು.

ಜಗಳ ಶುರುವಾದದ್ದು ಹೀಗೆ. ನಮ್ಮ ಬಾಮ್‌ಗೋಲ್ ಊರನ್ನು ರಸ್ತೆ ಎರಡು ಭಾಗ ಮಾಡಿದೆ. ಮನೆಗಳೆಲ್ಲ ಆ ಕಡೆ, ಸಮುದಾಯ ಭವನ ಈ ಕಡೆ. ಗದ್ದೆ ಕೆಲಸ ಮುಗಿದ ಮೇಲೆ ವಯಸ್ಸಾದವರೆಲ್ಲ ದಿನಾ ಮಧ್ಯಾಹ್ನ ಭವನಕ್ಕೆ ಬರುತ್ತಾರೆ. ಒಟ್ಟಿಗೆ ಅಡುಗೆ ಮಾಡಿ, ಉಂಡು, ಅಡಿಯಿಂದ ಕಾಯಿಸಿದ ಬೆಚ್ಚನೆಯ ನೆಲದ ಮೇಲೆ ಕೂತು ಇಸ್ಪೀಟು ಆಡಿ ಹೋಗುತ್ತಾರೆ. ಬಂದು ಹೋಗಲು ರಸ್ತೆ ದಾಟಬೇಕು. ರಸ್ತೆಯ ಬೋರ್ಡಿನಲ್ಲಿ ವೇಗ ಅರವತ್ತು ಎಂದಿದೆ. ಗಿಂಕ್ಗೋ ಮರದಿಂದ ಸೇತುವೆವರೆಗಿನ ಅರ್ಧ ಕಿಲೋಮೀಟರಿಗೆ ಅದನ್ನು ಮೂವತ್ತು ಮಾಡಿಸಬೇಕು ಎಂದು ನಾವು ಹೆಂಗಸರು ಹಟ ಹಿಡಿದಿದ್ದೆವು. ಮನವಿ ಹೋಗಬೇಕಾದದ್ದು ಹಿರಿಯರ ಸಂಘದ ಅಧ್ಯಕ್ಷರ ಹೆಸರಿನಲ್ಲಿ. ಅಧ್ಯಕ್ಷ ಯಾರು? ಇದೇ ದಾಲ್ಸು ದೊಡ್ಡಪ್ಪ.

"ಅರವತ್ತು ದಾಟೋರನ್ನ ಹಿಡೀರಿ," ಎಂದ ದೊಡ್ಡಪ್ಪ. "ಪೊಲೀಸರನ್ನ ಕರೀರಿ, ದಂಡ ಹಾಕಿಸಿ. ಬೋರ್ಡ್ ಏನು ಪಾಪ ಮಾಡಿದೆ?"

ಊರ ಮುಖಂಡ ಸಂಗ್ಬೆ ಗಂಟಲು ಸರಿ ಮಾಡಿಕೊಂಡ. ದಿನಾ ಬೆಳಿಗ್ಗೆ ಧ್ವನಿವರ್ಧಕದಲ್ಲಿ "ಆ, ಆ, ಕೇಳಿಸ್ತಿದೆಯಾ?" ಎಂದು ಊರನ್ನೆಲ್ಲ ಎಬ್ಬಿಸುವವನು ಇವನೇ. ಎದುರಾಬದುರು ಮಾತಾಡುವಾಗ ಮಾತ್ರ ದನಿ ಹತ್ತಿಯಷ್ಟು ಮೆತ್ತಗೆ.

"ದೊಡ್ಡಪ್ಪ, ನಿಧಾನ ಮಾಡಿದ್ರೆ ನಷ್ಟ ಏನು?"

"ನಷ್ಟಾನಾ? ನಿಧಾನ ಅಂದ್ರೆ ಸಾವು ಕಣೋ. ನಾನು ಕಣ್ಣಾರೆ ನೋಡಿದೀನಿ."

ಆ ಕಥೆ ಊರಿಗೆಲ್ಲ ಗೊತ್ತು. ಡಾಂಬರು ಇಲ್ಲದ ಕಾಲ ಅದು. ಮಳೆಗಾಲದಲ್ಲಿ ಈ ದಾರಿ ಮೊಣಕಾಲುದ್ದ ಕೆಸರು. ದೊಡ್ಡಪ್ಪನ ಮೊದಲ ಮಗಳಿಗೆ ಜ್ವರ ಏರಿತು. ಸೌದೆ ಹೊರುವ ಮರದ ಚೌಕಟ್ಟಿನಲ್ಲಿ ಮಗುವನ್ನು ಕೂರಿಸಿ, ಬೆನ್ನಿಗೆ ಹೊತ್ತು ಪೇಟೆಗೆ ಹೊರಟ. ಪೇಟೆ ತಲುಪುವಷ್ಟರಲ್ಲಿ ಬೆನ್ನ ಮೇಲಿನ ಮಗು ತಣ್ಣಗಾಗಿತ್ತು. ಮುಂದೆ ರಸ್ತೆಗೆ ಜಾಗ ಕೇಳಿಕೊಂಡು ಸರ್ಕಾರದವರು ಬಂದಾಗ ಬೇರೆಯವರೆಲ್ಲ ಚೌಕಾಸಿಗೆ ನಿಂತರು. ದೊಡ್ಡಪ್ಪ ತನ್ನ ಒಳ್ಳೆಯ ಗದ್ದೆಯ ನಡುವೆ ತಾನೇ ಗೂಟ ಹೊಡೆದುಕೊಟ್ಟ. ಇನ್ನು ಯಾವ ಮಗುವೂ ದಾರಿಯಲ್ಲಿ ಸಾಯಬಾರದು ಎಂದ.

ಅಂಥವನ ಎದುರು ನಿಧಾನ ಎಂಬ ಮಾತು ಆಡುವುದು ಸುಲಭವಲ್ಲ.

ಸಂಗ್ಬೆ ಮೆಲ್ಲಗೆ ಹೇಳಿದ: "ಆಂಬುಲೆನ್ಸಿಗೆ, ಬೆಂಕಿ ಆರಿಸೋ ಗಾಡಿಗೆ ಆ ಬೋರ್ಡ್ ಲೆಕ್ಕಕ್ಕಿಲ್ಲ ದೊಡ್ಡಪ್ಪ. ಜೀವ ಉಳಿಸೋಕೆ ಹೋಗೋರನ್ನ ಕಾನೂನು ತಡೆಯಲ್ಲ. ಮಿಕ್ಕೋರಿಗೆ ಅರ್ಧ ನಿಮಿಷ ತಡ ಆಗುತ್ತೆ, ಅಷ್ಟೇ. ಒಂದು ಲೋಟ ಬಾರ್ಲಿ ನೀರು ಕುಡಿಯೋಷ್ಟು ಹೊತ್ತು."

"ನೀನು ಕುಡಿ," ಎಂದ ದೊಡ್ಡಪ್ಪ. "ಇಲ್ಲೀವರೆಗೆ ಯಾರಿಗಾದ್ರೂ ಏನಾದ್ರೂ ಆಗಿದೆಯಾ? ಹೇಳಿ ನೋಡೋಣ."

ಮುದುಕಿಯರೆಲ್ಲ ತಲೆ ತಗ್ಗಿಸಿದರು. ನಾನು ಹಲ್ಲು ಕಚ್ಚಿಕೊಂಡೆ. ನನಗೆ ಹಲ್ಲು ಕಚ್ಚಿಕೊಂಡು ಇರಲು ಬರುವುದಿಲ್ಲ.

"ದೊಡ್ಡಮ್ಮ ಯಾಕೆ ಊಟಕ್ಕೆ ಬರ್ತಿಲ್ಲ ಗೊತ್ತಾ ನಿಮಗೆ?"

"ಮಂಡಿ ನೋವು ಅವಳಿಗೆ."

"ಮಂಡಿಯೂ ಇಲ್ಲ, ಮಣ್ಣೂ ಇಲ್ಲ! ಕುಂಬಳಕಾಯಿ ಇಟ್ಕೊಂಡು ಗಾಡಿ ತಳ್ಕೊಂಡು ಬರ್ತಿದ್ಲು. ಲಾರಿ ಉಜ್ಜಿಕೊಂಡು ಹೋಯ್ತು. ಗಾಡಿ ಕೈಯಿಂದ ಕಿತ್ತು ಚಕ್ರದಡಿಗೆ ಹೋಯ್ತು. ಇವಳು ಚರಂಡಿಗೆ ಬಿದ್ಲು. ಎತ್ತಿದ್ದು ನಾನು. ಯಾರಿಗೂ ಹೇಳ್ಬೇಡಿ ಅಂತ ನಮ್ಮ ಹತ್ರ ಮಾತು ತಗೊಂಡ್ಲು. ಯಾಕೆ ಗೊತ್ತಾ? 'ಅದು ನಮ್ಮ ಯಜಮಾನ್ರ ರಸ್ತೆ, ಕೇಳಿದ್ರೆ ನೊಂದ್ಕೊಳ್ತಾರೆ' ಅಂತ!"

ಆ ಗಾಡಿ ಎಂದರೆ ಮಗುವನ್ನು ಕೂರಿಸಿ ತಳ್ಳುವ ಹಳೆಯ ಗಾಡಿ. ಮೊಮ್ಮಗ ಬೆಳೆದ ಮೇಲೆ ದೊಡ್ಡಮ್ಮನ ಊರುಗೋಲಾಗಿತ್ತು. ದೊಡ್ಡಮ್ಮನ ತವರು ಕಡಲ ದಡದ ಉಲ್ಜಿನ್. ಊರಿಗೆಲ್ಲ ಅವಳು ಉಲ್ಜಿನ್ ದೊಡ್ಡಮ್ಮ. ಗಾಡಿ ಇಲ್ಲದೆ ಅವಳು ಅಂಗಳ ದಾಟುವುದೂ ಕಷ್ಟ.

ದೊಡ್ಡಪ್ಪ ನನ್ನ ಮುಖ ನೋಡಿದ. ಎದ್ದ. ಹೊಸ್ತಿಲಲ್ಲಿ ಬೇರೆ ಯಾರದೋ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಭವನ ಖಾಲಿಯಾದ ಮೇಲೆ ನಾನು ಬಾಗಿಲಲ್ಲಿ ನಿಂತು ರಸ್ತೆ ನೋಡಿದೆ. ನಾನು ಈ ಊರಿನ ಮಗಳೂ ಹೌದು, ಸೊಸೆಯೂ ಹೌದು. ಈ ರಸ್ತೆ ನನ್ನ ಅಂಗಳವಾಗಿತ್ತು. ಡಾಂಬರು ಬಂದ ಹೊಸದರಲ್ಲಿ, ಕೊಯ್ಲಿನ ಕಾಲಕ್ಕೆ ಅರ್ಧ ರಸ್ತೆಯ ತುಂಬ ಭತ್ತ ಒಣಗುತ್ತಿತ್ತು. ಶಾಲೆಯಿಂದ ಬಂದವಳೇ ಚೀಲ ಎಸೆದು ಬರಿಗಾಲಿನಲ್ಲಿ ಭತ್ತದೊಳಗೆ ಸಾಲು ಎಳೆದುಕೊಂಡು ಹೋಗುತ್ತಿದ್ದೆ. ಕೆಳಗೆ ಬಿಸಿ ಡಾಂಬರು, ಮೇಲೆ ತಣ್ಣನೆಯ ಕಾಳು. ಆ ಕಚಗುಳಿ ಇನ್ನೂ ಅಂಗಾಲಿನಲ್ಲಿದೆ. ಬಸ್ಸು ಬಂದರೆ ಡ್ರೈವರ್ ಗಾಜು ಇಳಿಸಿ, "ಈ ಸಲ ಬೆಳೆ ಹೇಗೆ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದ. ದೊಡ್ಡಪ್ಪ ಬಿದಿರು ಕಡ್ಡಿ ಹಿಡಿದು ಕಾಳಿನ ಕಾವಲಿಗೆ ಕೂತಿರುತ್ತಿದ್ದ. ಗುಬ್ಬಚ್ಚಿಗಳಿಗೂ ನಮಗೂ ಒಂದೇ ಬೈಗುಳ. ಸಂಜೆ ಮೆಣಸಿನಕಾಯಿ ಚಾಪೆಗಳ ಪಕ್ಕದಲ್ಲೇ ಹೆಂಗಸರು ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಹಿಮ ಬಿದ್ದರೆ ಹುಲ್ಲಿನ ಗೋಣಿಯ ಮೇಲೆ ಕೂತು ಗಿಂಕ್ಗೋ ಮರದಿಂದ ಸೇತುವೆವರೆಗೂ ಜಾರುತ್ತಿದ್ದೆವು.

ಹಳೇ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಭತ್ತದ ರಾಶಿಗೆ ಮೋಟರ್ ಸೈಕಲ್ ಜಾರಿ ಕಾಲು ಮುರಿದುಕೊಂಡವರಿದ್ದಾರೆ. ರಸ್ತೆ ಕಣವಲ್ಲ. ಆದರೆ ಆಗ ಬಂದವರು ಇದು ಊರು ಎಂದು ತಿಳಿದು ಬರುತ್ತಿದ್ದರು. ಆಮೇಲೆ ಸಹಕಾರ ಸಂಘಕ್ಕೆ ಭತ್ತ ಒಣಗಿಸುವ ಯಂತ್ರ ಬಂತು. ಸಾಲುಮರ ಕಡಿದರು. ತಿರುವು ನೇರ ಮಾಡಿದರು. ಬೆಟ್ಟದ ಹಿಂದೆ ಕಲ್ಲು ಗಣಿ ಶುರುವಾಯಿತು. ಈಗ ಬರುವವರಿಗೆ ಇಲ್ಲಿ ಊರು ಕಾಣಿಸುವುದಿಲ್ಲ, ನೇರ ರಸ್ತೆ ಕಾಣಿಸುತ್ತದೆ.

ಮಾರನೆಯ ಬೆಳಿಗ್ಗೆ ನಾನು ಭವನದ ಮುಂದೆ ಎಲೆ ಗುಡಿಸುತ್ತಿದ್ದೆ. ಆ ಕಡೆ ದೊಡ್ಡಪ್ಪ, ದೊಡ್ಡಮ್ಮ ಬಂದು ನಿಂತರು. ಸಂಗ್ಬೆ ತನ್ನ ಮನೆಯ ಅಟ್ಟದಿಂದ ಹಳೇ ಗಾಡಿ ಹುಡುಕಿ ತಂದುಕೊಟ್ಟಿದ್ದ.

"ನಡಿ," ಎಂದ ದೊಡ್ಡಪ್ಪ. "ನಾನಿದೀನಲ್ಲ. ನೋಡೇ ಬಿಡ್ತೀನಿ."

"ನೀವು ನೋಡೋದೇನು ಬಂತು? ಇದು ಈಗ ಹೊಳೆ ಆಗಿದೆ. ಹೊಳೆಗಾದ್ರೂ ಮೆಟ್ಟುಗಲ್ಲು ಇತ್ತು," ಎಂದಳು ದೊಡ್ಡಮ್ಮ. ಆದರೂ ಗಾಡಿ ತಳ್ಳಿದಳು.

ಹೊರಡುವಾಗ ಗಿಂಕ್ಗೋ ಮರದವರೆಗೂ ರಸ್ತೆ ಖಾಲಿ ಇತ್ತು. ನಾನೇ ನೋಡಿದ್ದೇನೆ. ದೊಡ್ಡಮ್ಮ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಉಸಿರು, ಮತ್ತೊಂದು ಹೆಜ್ಜೆ. ನಡುವಿನ ಗೆರೆ ಮುಟ್ಟುವಷ್ಟರಲ್ಲಿ ಮರದ ಹತ್ತಿರ ಲಾರಿ ಕಾಣಿಸಿತು. ಹಾರ್ನ್ ಕೇಳಿ ಅವಳ ಕಾಲು ನೆಲಕ್ಕೆ ಅಂಟಿಕೊಂಡಿತು. ದೊಡ್ಡಪ್ಪ ಎರಡೂ ಕೈ ಮೇಲೆತ್ತಿ ಹೆಂಡತಿಯ ಮುಂದೆ ನಿಂತ. ಟೈರು ಕಿರುಚಿತು. ಸುಟ್ಟ ರಬ್ಬರಿನ ವಾಸನೆ ನನ್ನ ಮೂಗಿಗೆ ಬಂತು. ಲಾರಿ ಅವನ ಎದೆಯಿಂದ ಎರಡು ಮಾರು ದೂರದಲ್ಲಿ ನಿಂತಿತು.

"ಕಣ್ಣು ಕಾಣಲ್ವೇನೋ ನಿನಗೆ! ಎಷ್ಟರಲ್ಲಿ ಬರ್ತಿದ್ಯೋ, ನೂರರಲ್ಲಾ?" ಪೊರಕೆ ಹಿಡಿದುಕೊಂಡೇ ನಾನು ಓಡಿದೆ.

ಲಾರಿಯಿಂದ ಡ್ರೈವರ್ ಇಳಿದ. ಸೊಂಟ ಬಗ್ಗಿಸಿ ಮತ್ತೆ ಮತ್ತೆ ನಮಸ್ಕಾರ ಮಾಡಿದ. "ಅಜ್ಜಾ, ತಪ್ಪಾಯ್ತು... ಆದ್ರೆ ನಾನು ಅರವತ್ತು ದಾಟಿಲ್ಲ ಅಜ್ಜಾ. ಐವತ್ತೆಂಟರಲ್ಲಿದ್ದೆ. ಬೋರ್ಡ್ ನೋಡ್ಕೊಂಡೇ ಓಡಿಸ್ತೀನಿ ನಾನು. ನೋಡಿದ ತಕ್ಷಣ ಬ್ರೇಕ್ ಒತ್ತಿದೆ. ಗಾಡಿ ನಿಲ್ಲಲೇ ಇಲ್ಲ..." ಅವನಿಗೆ ಅಳು ಬಂತು.

ಅಷ್ಟರಲ್ಲಿ ಸಂಗ್ಬೆ ಬಂದ. ರಸ್ತೆಯ ಮೇಲಿನ ಕಪ್ಪು ಗೀರು ತೋರಿಸಿದ. "ದೊಡ್ಡಪ್ಪ, ಇವನು ನಿಮ್ಮನ್ನ ನೋಡಿದ್ದು ಮರದ ಹತ್ರ. ಗೀರು ಶುರುವಾಗಿರೋದು ಇಲ್ಲಿ. ಕಣ್ಣು ಕಂಡು ಕಾಲು ಒತ್ತೋಷ್ಟರಲ್ಲೇ ಇಷ್ಟು ದೂರ ಓಡಿಬಿಟ್ಟಿದೆ. ಮೂವತ್ತರಲ್ಲಿ ಬಂದಿದ್ರೆ ಇದರ ಅರ್ಧ. ಬ್ರೇಕ್ ಹಿಡಿದ ಮೇಲೆ ನಿಲ್ಲೋ ದೂರ ಅರ್ಧವೂ ಅಲ್ಲ, ಕಾಲು ಭಾಗ. ಮೂವತ್ತರಲ್ಲಿ ಬಡಿದ್ರೆ ಮೂಳೆ ಮುರಿಯುತ್ತೆ, ಬದುಕಿದ್ರೂ ಬದುಕ್ತಾರೆ. ಅರವತ್ತರಲ್ಲಿ ಬಡಿದ್ರೆ ನಿಮ್ಮ ವಯಸ್ಸಿನೋರು ಉಳಿಯೋದೇ ಅಪರೂಪ."

ದೊಡ್ಡಪ್ಪ ಡ್ರೈವರನ ಹೆಗಲ ಮೇಲೆ ಕೈಯಿಟ್ಟ.

"ಅಳಬೇಡ. ನೀನು ತಪ್ಪು ಮಾಡಿಲ್ಲ," ಎಂದ. ಆಮೇಲೆ ಬೋರ್ಡಿನ ಕಡೆ ತಿರುಗಿದ. "ಆ ಬೋರ್ಡ್ ನೆಟ್ಟಾಗ ನಮಗೆಲ್ಲ ನಲವತ್ತು ವರ್ಷ. ಹೆಗಲ ಮೇಲೆ ಮೂಟೆ ಹೊತ್ಕೊಂಡು ಓಡಿ ದಾಟ್ತಿದ್ವಿ. ನಮಗೆ ವಯಸ್ಸಾಯ್ತು. ಅದಕ್ಕೆ ಆಗಲಿಲ್ಲ."

"ಅಯ್ಯೋ, ಮಾತು ಆಮೇಲೆ ಆಡಿ," ಎಂದಳು ದೊಡ್ಡಮ್ಮ. "ಮೊದಲು ಈ ರಸ್ತೆ ದಾಟಿಸಿ."

ಅಂದು ಮಧ್ಯಾಹ್ನವೇ ಮನವಿಗೆ ದೊಡ್ಡಪ್ಪನ ಮೊಹರು ಬಿತ್ತು. ಒತ್ತಿದ ಬಿರುಸಿಗೆ ಕಾಗದ ಹರಿಯುವುದೊಂದು ಬಾಕಿ.

ಕೆಲವು ದಿನ ಕಳೆದ ಮೇಲೆ, ಮನವಿ ಹೋದ ಕಚೇರಿಯಿಂದ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ, ಮಾತು ಮೃದು, ಬೂಟು ಫಳಫಳ. ಕೊಟ್ಟ ಬಿಸಿ ಬಾರ್ಲಿ ನೀರನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

"ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದ್ರೆ ಇಲ್ಲಿ ದೊಡ್ಡ ಅಪಘಾತ ಯಾವುದೂ ದಾಖಲಾಗಿಲ್ಲ. ಒಂದೆರಡು ಆಗಿದ್ದಿದ್ರೆ ಕೆಲಸ ಬೇಗ ಆಗ್ತಿತ್ತು."

ನಾನು ಬಾಯಿ ತೆರೆದೆ. ದೊಡ್ಡಪ್ಪ ಕೈ ಅಡ್ಡ ಹಿಡಿದ.

"ಯಾರು ಸಾಯ್ಬೇಕು ಸ್ವಾಮಿ? ಹೆಸರು ಹೇಳಿ, ಕಳಿಸ್ತೀವಿ."

"ಹಾಗಲ್ಲ ಅಜ್ಜಾ..."

"ರಸ್ತೆ ಬೇಕು ಅಂತ ತಿಳಿಯೋಕೆ ಒಂದು ಮಗು ಕೊಟ್ಟಿದೀನಿ. ಅದನ್ನ ನಿಧಾನ ಮಾಡ್ಸೋಕೆ ಇವಳನ್ನ ಕೊಡಲ್ಲ." ದೊಡ್ಡಪ್ಪ ಎದ್ದ. ದೊಡ್ಡಮ್ಮನ ತೋಳು ಹಿಡಿದು ಎಬ್ಬಿಸಿದ. "ಅಧ್ಯಕ್ಷನ ಮಾತು ಕೇಳಬೇಕು ಅಂದ್ರೆ ಮನೆಗೆ ಬನ್ನಿ. ದೂರ ಏನಿಲ್ಲ. ರಸ್ತೆ ದಾಟಿದ್ರೆ ನಮ್ಮ ಮನೆ."

ಹೋದವನು ಮರಳಿ ಬರಲಿಲ್ಲ. ಲೋಟದ ನೀರು ಆರಿತು. ಸಂಗ್ಬೆ ಚಾವಣಿ ನೋಡಿದ. ಕೊನೆಗೆ ಅಧಿಕಾರಿಯೇ ಬೂಟು ಹಾಕಿಕೊಂಡು ಹೊರಗೆ ಹೊರಟರು.

ರಸ್ತೆಯ ಅಂಚಿನಲ್ಲಿ ನಿಂತರು. ಒಂದು ಕಾಲು ಕೆಳಗಿಟ್ಟರು. ಕಲ್ಲಿನ ಲಾರಿ ಬಂತು. ಕಾಲು ಹಿಂದೆ ಎಳೆದುಕೊಂಡರು. ಮತ್ತೆ ಇಟ್ಟರು. ಈ ಕಡೆಯಿಂದ ಕಾರು. ಅವರ ಕೋಟು ಗಾಳಿಗೆ ಬಾವುಟದಂತೆ ಹಾರಿತು. ಎದುರಿನ ಜಗಲಿಯಲ್ಲಿ ಕೂತು ಚೆಸ್ಟ್‌ನಟ್ ಕಾಯಿ ಸುಲಿಯುತ್ತಿದ್ದ ದೊಡ್ಡಮ್ಮ ಕೈ ಬೀಸಿ ಕೂಗಿದಳು:

"ಈಗ ಬೇಡ ಮಗಾ! ತಡಿ! ಇನ್ನೊಂದು ಬರ್ತಿದೆ!"

ಓದುತ್ತಿರುವವರೇ, ನಿಮ್ಮ ಊರಿನಲ್ಲೂ ಇಂಥ ರಸ್ತೆ ಇದೆಯಲ್ಲವೇ? ಅದರ ಪಕ್ಕದಲ್ಲಿ ನೀವೂ ಆಡಿ ಬೆಳೆದಿದ್ದೀರಲ್ಲವೇ? ಹಾಗಾದರೆ ಯಾರಾದರೂ ಸತ್ತ ಮೇಲೆ ಸಭೆ ಸೇರಬೇಡಿ. ಊರಿನ ಅತಿ ಹಿರಿಯರೊಬ್ಬರ ಕೈ ಹಿಡಿದು, ಅವರ ಹೆಜ್ಜೆಯಲ್ಲೇ ಒಂದು ಸಲ ರಸ್ತೆ ದಾಟಿ ನೋಡಿ. ಎದೆ ಹೊಡೆದುಕೊಂಡರೆ, ಎಲ್ಲರೂ ಸೇರಿ ವೇಗ ಇಳಿಸಿ ಎಂದು ಬರೆದು ಕೇಳಿ. ಇಲ್ಲ ಎಂದರೆ ಮತ್ತೆ ಕೇಳಿ. ಬಂದ ಅಧಿಕಾರಿಯನ್ನು ಕುರ್ಚಿಯಲ್ಲಿ ಕೂರಿಸಿ ಕಳಿಸಬೇಡಿ, ರಸ್ತೆ ದಾಟಿಸಿ. ಮತ್ತೆ ಗಾಡಿ ಓಡಿಸುವವರೇ, ಬೋರ್ಡ್ ಬದಲಾಗುವವರೆಗೆ ಕಾಯಬೇಡಿ. ಮನೆ ಕಂಡರೆ ಕಾಲು ಸಡಿಲಿಸಿ. ನಿಮಗೆ ಅದು ಅರ್ಧ ನಿಮಿಷ. ಆ ಕಡೆ ಗಾಡಿ ತಳ್ಳಿಕೊಂಡು ನಿಂತವಳಿಗೆ ಅದು ಇವತ್ತಿನ ಊಟ, ನಾಳೆಯ ಬೆಳಗು.